ಪೂಜೆಗೆ ಪುರುಸೊತ್ತಿಲ್ಲದ ವರ್ಷಗಳಲ್ಲಿ ಲಿಂಗನಿಷ್ಠೆ

ಪ್ರಶ್ನೆ: ಶರಣು ಸರ್. ನನಗೆ 41 ವರ್ಷ. ತವರು ಹಾವೇರಿ ಕಡೆ, ಈಗ ಇರುವುದು ಬೆಂಗಳೂರಿನಲ್ಲಿ. ಚಿಕ್ಕವಳಿದ್ದಾಗಲೇ ಲಿಂಗದೀಕ್ಷೆ ಆಗಿ ಕೊರಳಿಗೆ ಲಿಂಗ ಕಟ್ಟಿದ್ದಾರೆ. ಮದುವೆಗೆ ಮುಂಚೆ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಪೂಜೆ ಮಾಡುತ್ತಿದ್ದೆ. ಈಗ ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಮಗ ಪಿಯುಸಿ. ಆಫೀಸಿನಲ್ಲಿ ಟೀಮ್ ಲೀಡ್ ಮಾಡಿದ್ದಾರೆ, ರಾತ್ರಿಯೂ ಕಾಲ್ ಇರುತ್ತವೆ. ಪೂಜೆ ಎರಡು ನಿಮಿಷಕ್ಕೆ ಇಳಿದಿದೆ. ಎಷ್ಟೋ ದಿನ ಅದೂ ಇಲ್ಲ. ತಿಂಗಳ ದಿನಗಳಲ್ಲಿ ಬಿಟ್ಟರಂತೂ ಮತ್ತೆ ಶುರು ಮಾಡಲು ಒಂದು ವಾರ ಬೇಕು. ಮೊದಲು ಲಿಂಗ ನೋಡುತ್ತಾ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು, ಈಗ ಏನೂ ಅನ್ನಿಸುವುದಿಲ್ಲ. ದೊಡ್ಡಮ್ಮ, ‘ಲಿಂಗ ಕಟ್ಟಿಕೊಂಡು ಪೂಜೆ ಬಿಟ್ಟರೆ ಮನೆಗೆ ಒಳ್ಳೇದಾಗಲ್ಲ’ ಅನ್ನುತ್ತಾರೆ. ಯಜಮಾನರು, ‘ಕಾಯಕವೇ ಕೈಲಾಸ ಅಲ್ವಾ, ಬಿಡು, ರಿಟೈರ್ ಆದ್ಮೇಲೆ ಮಾಡುವಿಯಂತೆ’ ಅನ್ನುತ್ತಾರೆ. ಯಾರ ಮಾತು ಸರಿ? ನಾನು ದೇವರಿಂದ ದೂರ ಹೋಗಿಬಿಟ್ಟೆನಾ?

ಉತ್ತರ: ಶರಣು ತಂಗಿ. ದೊಡ್ಡಮ್ಮ ಹೇಳಿದ್ದು ಸರಿಯಲ್ಲ. ಯಜಮಾನರು ಹೇಳಿದ್ದು ಅರ್ಧ ಸರಿ. ಆ ಅರ್ಧ ಯಾವುದು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಉತ್ತರ ಇದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ದೊಡ್ಡಮ್ಮನ ಮಾತು ಮುಗಿಸಿಬಿಡೋಣ. ಪೂಜೆ ತಪ್ಪಿದರೆ ಮನೆಗೆ ಕೇಡು ಮಾಡುವ ದೇವರನ್ನು ಶರಣರು ನಮಗೆ ಕೊಟ್ಟಿಲ್ಲ. ಅಂಥ ದೇವರುಗಳಿಗೆ ಹೆದರಿ ಹೆದರಿ ಸಾಕಾಗಿದ್ದ ಜನರಿಗೇ ಅವರು ಅಂಗೈ ಮೇಲೆ ಲಿಂಗ ಇಟ್ಟಿದ್ದು. ‘ನಿನಗೆ ಕೇಡಿಲ್ಲವಾಗಿ ಆನು ಒಲಿದಂತೆ ಹಾಡುವೆ’ ಅಂತ ಬಸವಣ್ಣನವರು ಕೂಡಲಸಂಗಮದೇವನಿಗೇ ಹೇಳಿದ್ದಾರೆ. ತಾಳ ಗೊತ್ತಿಲ್ಲ, ಲೆಕ್ಕ ಗೊತ್ತಿಲ್ಲ, ನಾನು ತಪ್ಪಿ ಹಾಡಿದರೂ ನಿನಗೇನೂ ಕಡಿಮೆಯಾಗುವುದಿಲ್ಲ ಅನ್ನುವ ಧೈರ್ಯ ಅದು. ದೊಡ್ಡಮ್ಮನ ಹತ್ತಿರ ವಾದ ಮಾಡಬೇಡಿ, ಹಿರಿಯರು. ಆದರೆ ಆ ಹೆದರಿಕೆಯನ್ನು ಮಾತ್ರ ಅಲ್ಲೇ ಬಿಟ್ಟು ಬನ್ನಿ. ಹೆದರಿ ಮಾಡುವ ಪೂಜೆ ಜಾಸ್ತಿ ದಿನ ನಡೆಯುವುದಿಲ್ಲ. ಹೆದರಿಕೆ ಹೋದ ದಿನ ಪೂಜೆಯೂ ಹೋಗುತ್ತದೆ.

ಇನ್ನು ತಿಂಗಳ ದಿನಗಳು. ಪತ್ರದಲ್ಲಿ ಇದನ್ನು ನೀವು ಸುಮ್ನೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಅದೇ ದೊಡ್ಡ ವಿಷಯವಾಗಿ ಕಂಡಿತು. ವೀರಶೈವ ಅನ್ನಿ, ಲಿಂಗಾಯತ ಅನ್ನಿ (ಆ ಜಗಳ ಇವತ್ತು ಬೇಡ), ಲಿಂಗ ಕಟ್ಟಿಕೊಂಡವರಿಗೆ ಪಂಚಸೂತಕ ಇಲ್ಲ ಅನ್ನುವುದು ನಮ್ಮ ಆಚಾರದ ಬುನಾದಿ. ಆ ಐದು ಯಾವುವು ಅಂದರೆ ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲಿನದು, ಜಾತಿಯದು. ಹೆಣ್ಣಿನ ಕೈಯಿಂದ ತಿಂಗಳಿಗೊಮ್ಮೆ ದೇವರನ್ನು ಕಿತ್ತುಕೊಳ್ಳಬಾರದು ಅಂತ 12ನೇ ಶತಮಾನದಲ್ಲೇ ತೀರ್ಮಾನ ಆಗಿದೆ. ಹಾಗಿದ್ದರೂ ನಮ್ಮ ಎಷ್ಟೋ ಮನೆಗಳಲ್ಲಿ ಅಕ್ಕಪಕ್ಕದ ರೂಢಿ ನೋಡಿ ಅದನ್ನೇ ಹಿಡಿದುಕೊಂಡಿದ್ದೇವೆ. ಪರಿಣಾಮ ನೀವೇ ಬರೆದಿದ್ದೀರಿ. ನಾಲ್ಕು ದಿನ ಬಿಟ್ಟರೆ ಹಿಡಿಯಲು ಒಂದು ವಾರ. ಅಂದರೆ ತಿಂಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ದಿನ ಹೋಯಿತು. ಆ ದಿನಗಳಲ್ಲೂ ಪೂಜೆ ಮಾಡಿ. ದೇವರ ಮನೆಗೆ ಹೋಗಲು ಮನೆಯವರಿಗೆ ಇಷ್ಟವಿಲ್ಲದಿದ್ದರೆ ಹೋಗಬೇಡಿ. ಲಿಂಗ ನಿಮ್ಮ ಕೊರಳಲ್ಲೇ ಇದೆ. ರೂಮಿನಲ್ಲಿ ಕೂತು ಮಾಡಿ.

ಈಗ ಯಜಮಾನರ ಮಾತಿಗೆ ಬರುತ್ತೇನೆ. ‘ಕಾಯಕವೇ ಕೈಲಾಸ’ ಅನ್ನುವುದನ್ನು ಇವತ್ತು ಬಸ್ ಡಿಪೋದಿಂದ ಹಿಡಿದು ಸರ್ಕಾರಿ ಕಚೇರಿವರೆಗೆ ಎಲ್ಲ ಗೋಡೆಗಳ ಮೇಲೂ ಬರೆದಿದ್ದಾರೆ. ಎಷ್ಟೋ ಜನ ಅದು ಬಸವಣ್ಣನವರ ಮಾತು ಅಂದುಕೊಂಡಿದ್ದಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಕಾಯಕದಲ್ಲಿ ನಿರತನಾದರೆ ಗುರುದರ್ಶನವನ್ನೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ (ಊರೂರು ಸುತ್ತುವ ಶಿವಭಕ್ತ ಗುರು) ಎದುರಿಗಿದ್ದರೂ ಹಂಗು ಹರಿಯಬೇಕು ಅನ್ನುತ್ತಾರೆ. ಎಂಥ ಧೈರ್ಯ ನೋಡಿ. ಹಾಗಾದರೆ ಯಜಮಾನರು ಗೆದ್ದರಲ್ವಾ?

ಇಲ್ಲ. ಆ ಮಾತು ಆಡಿದವರು ಯಾರು, ಅವರ ಕೆಲಸ ಏನು ಅಂತ ನೋಡಬೇಕು. ಮಾರಯ್ಯ, ಲಕ್ಕಮ್ಮ ಗಂಡಹೆಂಡತಿ. ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ಕಡೆಯ ಅಮರೇಶ್ವರದವರು. ಬಸವಣ್ಣನವರಿದ್ದ ಕಲ್ಯಾಣಕ್ಕೆ ಬಂದು, ಶರಣರ ಮನೆಗಳ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲಿ ಅಡುಗೆ ಮಾಡಿ ಜಂಗಮರಿಗೆ ಬಡಿಸಿ, ಉಳಿದದ್ದು ಉಣ್ಣುತ್ತಿದ್ದರು. ಬಗ್ಗಿ ನೆಲದಿಂದ ಒಂದೊಂದೇ ಕಾಳು ಎತ್ತುವ ಕೆಲಸ. ಒಂದು ದಿನ ಮಾರಯ್ಯ ಎಂದಿಗಿಂತ ಜಾಸ್ತಿ ಅಕ್ಕಿ ತಂದರು. ಯಾವ ಹೆಂಡತಿಯಾದರೂ ಖುಷಿಪಡಬೇಕು. ಲಕ್ಕಮ್ಮ ಕೇಳಿದ್ದು, ‘ಈಸಕ್ಕಿಯಾಸೆ ನಿಮಗೇಕೆ?’ ಆಸೆ ಅರಸರಿಗಿರಲಿ, ಶಿವಭಕ್ತರಿಗೆ ಯಾಕೆ, ಇದು ಅಮರೇಶ್ವರಲಿಂಗಕ್ಕೆ ದೂರ ಅಂದುಬಿಟ್ಟರು. ಅದೇ ಲಕ್ಕಮ್ಮ ಇನ್ನೊಂದು ಸಲ, ಗಂಡ ಭಕ್ತಿಯ ಮಾತಿನಲ್ಲಿ ಮುಳುಗಿ ಕೂತಾಗ, ‘ಕಾಯಕ ನಿಂದಿತ್ತು ಹೋಗಯ್ಯಾ’ ಅಂತ ಎಬ್ಬಿಸಿ ಕಳಿಸಿದರು.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಕೆಲಸ ಬಿಟ್ಟು ಭಕ್ತಿ ಮಾತಾಡುತ್ತಾ ಕೂರುವುದನ್ನೂ ಲಕ್ಕಮ್ಮ ಒಪ್ಪಲಿಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಗುಡ್ಡೆ ಹಾಕುವುದನ್ನೂ ಒಪ್ಪಲಿಲ್ಲ. ಪೂಜೆಯ ಜಾಗದಲ್ಲಿ ಕೂರುವ ಯೋಗ್ಯತೆ ಕಾಯಕಕ್ಕೆ ಬಂದದ್ದು ಈ ಕಡಿವಾಣದಿಂದ. ಬರೀ ಸಂಬಳದ ದುಡಿಮೆಗೆ ಅದು ತಾನಾಗಿ ಬರುವುದಿಲ್ಲ.

ಹಾಗಾಗಿ ನಿಮ್ಮ ದಿನದಲ್ಲಿ ಏನೇನು ಕಾಯಕ, ಏನೇನು ಅಲ್ಲ ಅಂತ ನೀವೇ ನೋಡಿಕೊಳ್ಳಬೇಕು. ಅತ್ತೆಯನ್ನು ಮಗ್ಗುಲು ಬದಲಿಸಿ ಮಲಗಿಸುವುದು, ಗಂಜಿ ಕುಡಿಸುವುದು, ಬಟ್ಟೆ ಬದಲಿಸುವುದು ಕಾಯಕವೇ, ಅನುಮಾನ ಬೇಡ. ಮನೆ ನಡೆಯಲು ಬೇಕಾದ ಕೆಲಸವೂ ಕಾಯಕ. ರಾತ್ರಿ ಹತ್ತು ಗಂಟೆಯ ಕಾಲ್? ಅದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತು. ಬೇರೆ ದಾರಿಯಿಲ್ಲದೆ ತೆಗೆದುಕೊಂಡಿದ್ದೀರೋ, ‘ಇಲ್ಲ’ ಅನ್ನಲು ಸಂಕೋಚವೋ, ಇನ್ನೊಂದು ಮೆಟ್ಟಿಲು ಹತ್ತುವ ಆಸೆಯೋ? ಮೆಟ್ಟಿಲು ಹತ್ತುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಆ ಉಪದೇಶ ಮಾಡುವವರು ಈಗಾಗಲೇ ಬೇಕಾದಷ್ಟಿದ್ದಾರೆ. ಆದರೆ ಅದಕ್ಕೆ ಕೈಲಾಸದ ಹೆಸರು ಇಡಬೇಡಿ. ಆಸೆಯನ್ನು ಆಸೆ ಅಂತಲೇ ಕರೆದರೆ ಅದರ ಜೊತೆ ಮಾತುಕತೆ ಮಾಡಬಹುದು.

ಇನ್ನೊಂದು ಮಾತನ್ನು ಯಜಮಾನರಿಗೆ ಓದಿ ಹೇಳಿ. ‘ಸೇವೆಯೇ ಪೂಜೆ’ ಅಂತ ಹೇಳಿ ಸೊಸೆಯ ಮೇಲೆ ಎಲ್ಲವನ್ನೂ ಹೊರಿಸುವುದು ನಮ್ಮ ಮನೆಗಳ ಹಳೇ ಜಾಣತನ. ಹಾಸಿಗೆ ಹಿಡಿದಿರುವುದು ಅವರ ತಾಯಿ. ಬೆಳಿಗ್ಗೆ ಅರ್ಧ ಗಂಟೆ ಅವರು ತಾಯಿಯ ಹತ್ತಿರ ಇದ್ದರೆ ಅವರಿಗೂ ಅದು ಕಾಯಕ, ನಿಮಗೂ ಅಷ್ಟು ಹೊತ್ತು ಸಿಗುತ್ತದೆ. ಪೂಜೆಗೆ ಪುರುಸೊತ್ತಿಲ್ಲ ಅನ್ನುವ ಹೆಂಗಸರ ಪತ್ರಗಳಲ್ಲಿ ನೂರಕ್ಕೆ ತೊಂಬತ್ತು ಕಡೆ ಅಸಲಿ ತೊಂದರೆ ಇದೇ ಇರುತ್ತದೆ ಅಂತ ನನ್ನ ಅನುಮಾನ.

ಸರಿ, ಮಾರಯ್ಯನವರು ಲಿಂಗಪೂಜೆಯನ್ನೂ ಮರೆಯಬೇಕು ಅಂದರಲ್ಲ, ಹಾಗಾದರೆ ಲಿಂಗ ಬೇಡವೇ? ಇದಕ್ಕೆ ನುಲಿಯ ಚಂದಯ್ಯನವರ ಪ್ರಸಂಗ ನೋಡಿ. ಕೆರೆಯಲ್ಲಿ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರುವುದು ಅವರ ಕಾಯಕ. ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ನೀರಿಗೆ ಬಿತ್ತು. ಅವರು ಎತ್ತಿಕೊಳ್ಳಲಿಲ್ಲ, ಹೊರೆ ಕಟ್ಟಿಕೊಂಡು ಹೊರಟೇಬಿಟ್ಟರು. ಲಿಂಗವೇ ಹಿಂದೆ ಬಂತು, ನನ್ನನ್ನು ಕಟ್ಟಿಕೋ ಅಂತ ಕೇಳಿತು ಅನ್ನುತ್ತದೆ ಕತೆ. ಅವರು ಆಗಲೂ ಒಪ್ಪಲಿಲ್ಲ. ಕಡೆಗೆ ಮಡಿವಾಳ ಮಾಚಯ್ಯನವರು ಮಧ್ಯೆ ಬಂದು ತಿಳಿಹೇಳಿದ ಮೇಲೆ ಚಂದಯ್ಯ ಲಿಂಗವನ್ನು ಮತ್ತೆ ತೆಗೆದುಕೊಂಡರು. ಈ ಕತೆಯ ಮೊದಲರ್ಧವನ್ನು ಎಲ್ಲರೂ ಹೇಳುತ್ತಾರೆ. ಕೊನೆಯನ್ನು ಹೇಳುವವರು ಕಡಿಮೆ. ಕಾಯಕ ದೊಡ್ಡದು, ಸರಿ. ಆದರೆ ಅಷ್ಟು ದೊಡ್ಡ ಕಾಯಕದವರ ಕೊರಳಿಗೂ ಶರಣರು ಲಿಂಗವನ್ನು ವಾಪಸ್ ತಂದಿಟ್ಟರು. ಒಂದು ಇನ್ನೊಂದನ್ನು ತಿಂದುಹಾಕಬಾರದು.

ಲಿಂಗವನ್ನು ಮೈಮೇಲೆ ಕಟ್ಟಿದ್ದೇ ಇದಕ್ಕೆ. ಗುಡಿಯ ದೇವರಿಗೆ ಬಾಗಿಲಿದೆ, ಹೊತ್ತು ಇದೆ, ಮಧ್ಯೆ ಪೂಜಾರಿ ಇದ್ದಾನೆ. ನೂಲುವ ಕದಿರ ರೆಮ್ಮವ್ವೆ, ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಇವರಿಗೆಲ್ಲ ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಬಿಡುವಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಬದುಕು ಎಲ್ಲಿಗೆ ಹೋದರೂ ದೇವರು ಜೊತೆಗೇ ಬರಲಿ ಅಂತ ಕೊರಳಿಗೆ ಕಟ್ಟಿದರು. ಹುಡುಗಿಯಾಗಿದ್ದಾಗ ನಿಮ್ಮ ಜೊತೆ ಮುಕ್ಕಾಲು ಗಂಟೆ ಕೂತ ಲಿಂಗವೇ ಈಗ ಅತ್ತೆಯ ಹಾಸಿಗೆ ಪಕ್ಕದಲ್ಲೂ ನಿಮ್ಮ ಜೊತೆ ಇದೆ. ಹೊತ್ತಿನ ಅಳತೆ ಬದಲಾಗಿದೆ. ಅದು ಬದಲಾಗಲಿ ಬಿಡಿ. ದಿನದಿಂದ ಪೂರ್ತಿ ಜಾರಿಹೋಗದ ಹಾಗೆ ನೋಡಿಕೊಳ್ಳುವುದೇ ನಿಮ್ಮ ಈ ವರ್ಷಗಳ ನಿಷ್ಠೆ.

ಅದನ್ನು ಹೇಗೆ ಮಾಡುವುದು? ಎರಡು ನಿಮಿಷದ ಪೂಜೆ ಅಂತ ನೀವು ನಾಚಿಕೆಯಿಂದ ಬರೆದಿದ್ದೀರಿ. ಎರಡು ಬೇಡ, ಐದು ಮಾಡಿ, ಆದರೆ ದಿನಾ ಮಾಡಿ. ಸ್ನಾನ ಆದ ಕೂಡಲೇ, ಫೋನ್ ಮುಟ್ಟುವ ಮುಂಚೆ. ಹಣೆಗೆ ವಿಭೂತಿ. ಕರಡಿಗೆ (ಲಿಂಗ ಇಡುವ ಪುಟ್ಟ ಡಬ್ಬಿ) ತೆಗೆದು, ವಸ್ತ್ರ ಬಿಚ್ಚಿ, ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳಿ. ಎರಡು ಹನಿ ನೀರು, ಒರೆಸಿ ಒಂದಿಷ್ಟು ವಿಭೂತಿ. ಬೆಂಗಳೂರಿನ ಫ್ಲ್ಯಾಟಿನಲ್ಲಿ ದಿನಾ ಪತ್ರೆ ಎಲ್ಲಿಂದ ತರುತ್ತೀರಿ? ಇದ್ದ ದಿನ ಪತ್ರೆ, ಇಲ್ಲದ ದಿನ ಹೂವು, ಅದೂ ಇಲ್ಲದಿದ್ದರೆ ಬರೀ ನೀರು. ಆಮೇಲೆ ಅಂಗೈಯನ್ನು ಎದೆಯ ಎತ್ತರಕ್ಕೆ ತಂದು, ಆ ಕಪ್ಪು ನುಣುಪಿನ ಮೇಲೆ ಬೆಳಕು ಬಿದ್ದ ಕಡೆ ದೃಷ್ಟಿ ಇಡಿ. ಹನ್ನೊಂದು ಸಲ ಓಂ ನಮಃ ಶಿವಾಯ. ಮುಗಿಯಿತು. ನೂರೆಂಟು ಮಾಡುತ್ತಿದ್ದೆ ಅನ್ನುವ ಲೆಕ್ಕವನ್ನು ಕೆಲವು ವರ್ಷ ಬದಿಗಿಡಿ. ಮನಸ್ಸು ಮಗನ ಟ್ಯೂಷನ್ ಫೀಸಿನ ಕಡೆ ಓಡಿದರೆ ಓಡಲಿ. ಕಣ್ಣನ್ನು ಮಾತ್ರ ಅಂಗೈ ಮೇಲಿಂದ ಎತ್ತಬೇಡಿ.

ವಾರಕ್ಕೊಂದು ದಿನ ಹಳೇ ಪೂಜೆ ಇಟ್ಟುಕೊಳ್ಳಿ. ಸೋಮವಾರವೇ ಆಗಬೇಕಿಲ್ಲ. ಭಾನುವಾರ ಯಜಮಾನರನ್ನು ತಾಯಿಯ ಹತ್ತಿರ ಕೂರಿಸಿ, ನೀವು ಬಾಗಿಲು ಮುಂದೆ ಮಾಡಿ ಮುಕ್ಕಾಲು ಗಂಟೆ ಕೂತುಕೊಳ್ಳಿ. ಶ್ರಾವಣದಲ್ಲಿ ಮಠಗಳಲ್ಲಿ ತಿಂಗಳಿಡೀ ಸಂಜೆ ಪ್ರವಚನ ನಡೆಯುತ್ತದೆ, ಬೆಂಗಳೂರಿನಲ್ಲೂ ಇದೆ. ವಾರಕ್ಕೊಮ್ಮೆ ಹೋದರೂ ಸಾಕು. ಒಬ್ಬರೇ ಹಿಡಿದುಕೊಂಡ ನಿಷ್ಠೆ ಬೇಗ ಸುಸ್ತಾಗುತ್ತದೆ. ನಾಲ್ಕು ಜನ ಶರಣರ ಜೊತೆ ಕೂತು ಬಂದರೆ ಒಂದಿಷ್ಟು ದಿನ ಎಳೆದುಕೊಂಡು ಹೋಗುತ್ತದೆ.

ಇನ್ನು ಅತ್ತೆಯವರದು. ಅವರ ಲಿಂಗವೂ ಕೊರಳಲ್ಲಿ ಇರಬೇಕಲ್ಲ. ಲಕ್ವ ಹೊಡೆದ ಮೇಲೆ ಅವರ ಪೂಜೆ ಏನಾಯಿತು ಅಂತ ನೀವು ಬರೆದಿಲ್ಲ. ನನ್ನ ತಾಯಿ ಕೊನೆಯ ವರ್ಷಗಳಲ್ಲಿ ಹಾಸಿಗೆಯಲ್ಲೇ ಇದ್ದರು. ಮೊಮ್ಮಕ್ಕಳ ಹೆಸರು ಮರೆತಿದ್ದರು. ಮೊಣಕೈ ಕೆಳಗೆ ಮಡಿಸಿದ ಟವೆಲ್ ಇಟ್ಟು, ಅಂಗೈ ಬಿಡಿಸಿ, ಅವರ ಲಿಂಗವನ್ನು ಅದರ ಮೇಲಿಟ್ಟರೆ ಬೆರಳು ತಾನಾಗಿ ಮಡಚಿಕೊಳ್ಳುತ್ತಿತ್ತು. ನನ್ನ ಹೆಂಡತಿ ಕೈ ನಡುಗದ ಹಾಗೆ ಕೆಳಗಿನಿಂದ ಹಿಡಿದುಕೊಳ್ಳುತ್ತಿದ್ದಳು. ಅಮ್ಮನ ಬಲಗೈ ಹೆಬ್ಬೆರಳು ವಿಭೂತಿ ಗಟ್ಟಿಯನ್ನು ತಡಕಾಡುತ್ತಿತ್ತು. ಮಾತು ಹೋಗಿತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ನಿಮ್ಮ ಅತ್ತೆಗೂ ಹೀಗೆ ಮಾಡಿಸಿ. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಪೂಜಿಸುವುದಿಲ್ಲ, ನಿಜ. ಇಲ್ಲಿ ಪೂಜೆ ಅವರದೇ, ನಿಮ್ಮದು ಕೈಗೆ ಆಸರೆ ಅಷ್ಟೆ. ಅವರ ಐದು ನಿಮಿಷ, ನಿಮ್ಮ ಐದು ನಿಮಿಷ ಪಕ್ಕಪಕ್ಕದಲ್ಲೇ ಆಗಬಹುದು. ಅತ್ತೆ ಸೊಸೆ ನಡುವೆ ಹಳೇ ಬೇಸರ ಏನಾದರೂ ಇದ್ದರೂ ಆ ಹತ್ತು ನಿಮಿಷ ಅದರ ಮಾತು ಬರುವುದಿಲ್ಲ.

ಕಣ್ಣೀರು ನಿಂತಿದೆ, ಏನೂ ಅನ್ನಿಸುವುದಿಲ್ಲ ಅಂದಿರಿ. ನಿಮ್ಮನ್ನು ಜಾಸ್ತಿ ಹೆದರಿಸಿರುವುದು ಇದೇ ಇರಬೇಕು. ಬಸವಣ್ಣನವರ ವಚನಗಳನ್ನು ಬರೀ ಸಭೆಗಳಲ್ಲಿ ಕೇಳಿದವರಿಗೆ ಅವರು ಯಾವಾಗಲೂ ಭಕ್ತಿಯಲ್ಲಿ ತೇಲುತ್ತಿದ್ದರು ಅನ್ನಿಸುತ್ತದೆ. ಮನೆಯಲ್ಲಿ ಕೂತು ಓದಿ ನೋಡಿ. ‘ಹೊಸ್ತಿಲಲ್ಲಿ ಹುಲ್ಲು ಹುಟ್ಟಿ, ಮನೆಯೊಳಗೆ ರಜ ತುಂಬಿ’ ಮನೆಯೊಡೆಯ ಒಳಗೆ ಇದ್ದಾನೋ ಇಲ್ಲವೋ ಅಂತ ಕೇಳಿಕೊಳ್ಳುತ್ತಾರೆ. ಕೊನೆಗೆ ‘ಮನೆಯೊಳಗೆ ಮನೆಯೊಡೆಯನಿಲ್ಲಾ’ ಅಂದೇಬಿಡುತ್ತಾರೆ. ಯಾರಿಗೆ ಹೇಳುತ್ತಾರೆ? ಕೂಡಲಸಂಗಮದೇವನಿಗೇ. ಒಳಗೆ ದೇವರಿಲ್ಲ ಅನ್ನುವ ದೂರನ್ನೂ ದೇವರ ಹತ್ತಿರವೇ ತೆಗೆದುಕೊಂಡು ಹೋದರು. ಆ ಮನುಷ್ಯನ ಬದುಕಿನಲ್ಲೂ ಎಷ್ಟು ತಿರುವು ಬಂದವು ನೋಡಿ. ಹುಟ್ಟಿದ ಮನೆ ಬಿಟ್ಟು ಕೂಡಲಸಂಗಮಕ್ಕೆ ಬಂದರು. ಅಲ್ಲಿಂದ ಮಂಗಳವಾಡ, ಆಮೇಲೆ ಕಲ್ಯಾಣ. ಅಲ್ಲಿನ ದೊರೆ ಬಿಜ್ಜಳನ ಭಂಡಾರದ ಹೊಣೆ, ಶರಣರೆಲ್ಲ ಸೇರುವ ಮಹಾಮನೆ, ದಿನಾ ಸಾಲುಗಟ್ಟಿ ಬರುವ ಜಂಗಮರು. ಕಡೆಗೆ ಎಲ್ಲವೂ ಚೆಲ್ಲಾಪಿಲ್ಲಿಯಾಗಿ ಮತ್ತೆ ಕೃಷ್ಣೆ ಮಲಪ್ರಭೆ ಕೂಡುವ ಆ ಸಂಗಮಕ್ಕೇ. ಊರು ಬದಲಾಯಿತು, ಸ್ಥಾನ ಬದಲಾಯಿತು, ವಚನದ ಕೊನೆಯಲ್ಲಿ ಕರೆಯುವ ಹೆಸರು ಬದಲಾಗಲಿಲ್ಲ. ಸಂತೋಷಕ್ಕೂ ಅದೇ ಹೆಸರು, ಬೈಯುವುದಕ್ಕೂ ಅದೇ ಹೆಸರು.

ನೀವೂ ಹಾಗೇ ಮಾಡಿ. ಏನೂ ಅನ್ನಿಸದ ದಿನ, ‘ಏನೂ ಅನ್ನಿಸುತ್ತಿಲ್ಲ’ ಅಂತ ಲಿಂಗದ ಮುಂದೆಯೇ ಹೇಳಿ. ರಾತ್ರಿ ಎರಡು ಸಲ ಎದ್ದು ಅತ್ತೆಯನ್ನು ನೋಡುವವರಿಗೆ ಬೆಳಿಗ್ಗೆ ಆನಂದಬಾಷ್ಪ ಬರದಿದ್ದರೆ ಅದು ನಿದ್ದೆಯ ಲೆಕ್ಕ, ಭಕ್ತಿಯ ಲೆಕ್ಕ ಅಲ್ಲ. ಆದರೆ ಪೂಜೆಯಲ್ಲಿ ಮಾತ್ರವಲ್ಲ, ಊಟದಲ್ಲಿ, ಮಗನ ಮಾತಿನಲ್ಲಿ, ಯಾವುದರಲ್ಲೂ ರುಚಿಯೇ ಇಲ್ಲ, ವಾರಗಟ್ಟಲೆ ಹೀಗೇ ಇದೆ ಅನ್ನುವುದಾದರೆ ವೈದ್ಯರನ್ನು ನೋಡಿ. ಅದಕ್ಕೆ ಮಂತ್ರ ಜಾಸ್ತಿ ಮಾಡಿ ಅಂತ ಹೇಳುವವರ ಮಾತು ಕೇಳಬೇಡಿ.

ರಿಟೈರ್ ಆದ ಮೇಲೆ ಅನ್ನುವುದು ಉಳಿಯಿತು. ನಾನೇ ರಿಟೈರ್ ಆದವನು, ನನ್ನ ಜೊತೆಯವರನ್ನೂ ನೋಡುತ್ತಿದ್ದೇನೆ. ನಲವತ್ತರಲ್ಲಿ ಐದು ನಿಮಿಷ ಇಟ್ಟುಕೊಂಡವರು ಈಗ ಒಂದು ಗಂಟೆ ಕೂರುತ್ತಾರೆ. ಆಗ ಪೂರ್ತಿ ಬಿಟ್ಟವರಿಗೆ ಈಗ ಹೊತ್ತು ಇದೆ, ಆ ಹೊತ್ತು ವಾಟ್ಸ್ಆಪಿಗೆ ಹೋಗುತ್ತದೆ. ಜೊತೆಗೆ ಮಂಡಿ ಕೇಳುವುದಿಲ್ಲ, ಪೊರೆ ಬಂದ ಕಣ್ಣಿಗೆ ಲಿಂಗದ ಮೇಲೆ ದೃಷ್ಟಿ ನಿಲ್ಲುವುದಿಲ್ಲ. ಕೆನ್ನೆಗೆ ನೆರೆ ಬರುವ ಮುನ್ನ, ಹಲ್ಲು ಹೋಗಿ ಬೆನ್ನು ಬಾಗುವ ಮುನ್ನ, ಕೋಲು ಹಿಡಿಯುವ ಮುನ್ನ ಪೂಜಿಸು ಅಂತ ಬಸವಣ್ಣನವರು ಪಟ್ಟಿ ಮಾಡಿದ್ದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ಅರ್ಥವಾದದ್ದು ಕನ್ನಡಕದ ನಂಬರ್ ಏರಿದ ಮೇಲೆ. ಯಜಮಾನರಿಗೂ ಲಿಂಗ ಇದೆಯಲ್ಲ? ಅವರ ಪೂಜೆಯನ್ನೂ ರಿಟೈರ್ಮೆಂಟಿಗೆ ಇಟ್ಟಿದ್ದಾರಾ, ಕೇಳಿ ನೋಡಿ.

ಒಂದು ಚಿಕ್ಕ ವಿಷಯ, ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಅತ್ತೆಯವರನ್ನು ಸ್ಕ್ಯಾನಿಂಗಿಗೋ ಐಸಿಯುಗೋ ಕರೆದೊಯ್ದರೆ ಮೈಮೇಲಿನ ಲೋಹವನ್ನೆಲ್ಲ ತೆಗೆಸುತ್ತಾರೆ. ಬೆಳ್ಳಿ ಕರಡಿಗೆಯೂ ಹೋಗುತ್ತದೆ. ಆ ಗಡಿಬಿಡಿಯಲ್ಲಿ ಅದು ಔಷಧದ ಕವರಿನಲ್ಲಿ ಸೇರಿ ಕಳೆದುಹೋದದ್ದುಂಟು. ಮೊದಲೇ ಕರಡಿಗೆ ಬಿಚ್ಚಿಟ್ಟು, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ದಾರಕ್ಕೆ ಕಟ್ಟಿಡಿ. ಅದನ್ನೂ ತೆಗೆಯಿರಿ ಅಂದರೆ ಮನೆಯವರೊಬ್ಬರು ಜೋಪಾನವಾಗಿ ಇಟ್ಟುಕೊಂಡು, ವಾರ್ಡಿಗೆ ಬಂದ ಮೇಲೆ ಮತ್ತೆ ಕಟ್ಟಿ. ಅದರಿಂದ ಯಾವ ದೋಷವೂ ಇಲ್ಲ. ಹೀಗೂ ಕಳೆದುಹೋದರೆ ಅಪಶಕುನ ಅಂತ ಮನೆಯಲ್ಲಿ ಗೋಳಾಡುವುದು ಬೇಡ, ದೀಕ್ಷೆ ಕೊಟ್ಟ ಮಠಕ್ಕೆ ಫೋನ್ ಮಾಡಿ ಬೇರೆ ಲಿಂಗ ಕೇಳಿ ತನ್ನಿ.